ನಾರಿನ ಬೆಲೆಯ ಬೆನ್ನು ಹತ್ತಿ: ಮುಂಬಯಿ–ಪುಣೆ ಪ್ರವಾಸ

ಸೋಮವಾರ, ಮುಂಬಯಿ

ಹಳಿಯಾಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನನಗೆ ಕಾಗದದ ಉದ್ಯಮ ದೂರದ ವಿಷಯವಲ್ಲ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ನಮ್ಮ ನೆರೆಯ ದಾಂಡೇಲಿಯಲ್ಲೇ ಇದೆ. ಬಿದಿರು ಹೊತ್ತ ಲಾರಿಗಳ ಕಥೆ ನಮ್ಮ ಭಾಗದ ಹಿರಿಯರೆಲ್ಲರ ಬಾಯಲ್ಲೂ ಇದೆ. ಆದರೆ ಮಿಲ್ಲಿನ ಗೇಟು ದಾಟಿದ ಕಾಗದಕ್ಕೆ ಬೆಲೆ ಕಟ್ಟುವ ವ್ಯಾಪಾರಿಗಳು ಮುಂಬಯಿಯಲ್ಲಿದ್ದಾರೆ, ಅದರ ಒಡಲಿನ ನಾರಿನ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿದ ಸಂಸ್ಥೆಗಳು ಪುಣೆಯಲ್ಲಿವೆ. ಈ ಎರಡೂ ಊರುಗಳನ್ನು ಒಟ್ಟಿಗೆ ನೋಡಿದರೆ ಮಾತ್ರ ನಾರಿಗೆ ಯಾರು ಎಷ್ಟು ಕೊಡುತ್ತಾರೆ, ಯಾರಿಗೆ ಎಷ್ಟು ಸಿಗುತ್ತದೆ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕೀತು ಎಂಬ ನಂಬಿಕೆಯಿಂದ ಹೊರಟೆ.

ಮಾಟುಂಗದಲ್ಲಿ ನೆಲೆಸಿರುವ ನನ್ನ ಸೋದರಮಾವ ಕಾಗದದ ದಲ್ಲಾಳಿಯೊಬ್ಬರ ಪೇಢಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಬೆಳಗಿನ ತಿಂಡಿ ಮುಗಿಸಿದ ಕೂಡಲೇ ಅವರು ನನ್ನನ್ನು ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಕರೆದುಕೊಂಡು ಹೋದರು. ನೋಟ್‌ಬುಕ್, ಲಕೋಟೆ, ಫೈಲು, ಆಮಂತ್ರಣ ಪತ್ರಿಕೆ, ರೀಮುಗಟ್ಟಲೆ ಬಿಳಿ ಹಾಳೆ ಎಲ್ಲವೂ ಸಗಟಾಗಿ ಸಿಗುವ ಬೀದಿ ಅದು. ಅಂಗಡಿಯೊಂದರ ಕಟ್ಟೆಯ ಮೇಲೆ ಕೂರಿಸಿ ಮಾವ ಹೇಳಿದ ಮೊದಲ ಮಾತೇ ನನಗೆ ದಾರಿ ತೋರಿಸಿತು: “ಕಾಗದವನ್ನು ಹಾಳೆಯ ಲೆಕ್ಕದಲ್ಲಿ ಕೊಳ್ಳುವವನು ಗಿರಾಕಿ, ತೂಕದ ಲೆಕ್ಕದಲ್ಲಿ ಕೊಳ್ಳುವವನು ವ್ಯಾಪಾರಿ. ನೀನು ತೂಕದ ಲೆಕ್ಕ ಹಿಡಿ ಮಾರಾಯ, ಎಲ್ಲ ತಾನಾಗಿ ತಿಳಿಯುತ್ತದೆ.”

ಮಧ್ಯಾಹ್ನ ಲೋವರ್ ಪರೇಲಿನ ಮುದ್ರಣಾಲಯವೊಂದರಲ್ಲಿ ಆ ಲೆಕ್ಕವನ್ನೇ ಹಿಡಿದು ಕುಳಿತೆವು. ಒಡೆಯರು ಕುಂದಾಪುರದ ಕಡೆಯವರು. ಮರಾಠಿ ಮತ್ತು ಗುಜರಾತಿ ಕೆಲಸಗಳ ನಡುವೆ ಕನ್ನಡ ಪುಸ್ತಕಗಳನ್ನೂ ಅಕ್ಕರೆಯಿಂದ ಅಚ್ಚು ಹಾಕಿಕೊಡುತ್ತಾರೆ. ಡೆಮಿ ಅಷ್ಟಪತ್ರ ಆಕಾರದ 200 ಪುಟಗಳ ಪುಸ್ತಕವೆಂದರೆ 100 ಹಾಳೆಗಳು. ಹಾಳೆಯ ಉದ್ದ 21.5 ಸೆಂಟಿಮೀಟರ್, ಅಗಲ 14 ಸೆಂಟಿಮೀಟರ್ ಎಂದು ಹಿಡಿದರೆ ಪುಸ್ತಕದ ಒಳಪುಟಗಳ ಒಟ್ಟು ವಿಸ್ತೀರ್ಣ 3 ಚದರ ಮೀಟರ್ ಆಗುತ್ತದೆ. ಮ್ಯಾಪ್‌ಲಿಥೋ ಎಂಬ ಬಿಳಿ ಮುದ್ರಣ ಕಾಗದವನ್ನು 70 ಜಿಎಸ್‌ಎಂನಲ್ಲಿ ಬಳಸಿದರೆ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದ ಬಳಸಿದರೆ, ಪ್ರತಿಯೊಂದಕ್ಕೆ ಸುಮಾರು 210 ಗ್ರಾಂ ಕಾಗದ ಬೇಕು. ಸಾವಿರ ಪ್ರತಿಗೆ 210 ಕಿಲೋ, ಅದರ ಮೇಲೆ ಕತ್ತರಿಸುವಾಗ ಹಾಳಾಗುವ ಅಂಚು ಬೇರೆ.

ಕನ್ನಡದ ಸಣ್ಣ ಪ್ರಕಾಶಕರ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ಜಿಎಸ್‌ಟಿ 12%ರಿಂದ 18%ಕ್ಕೆ ಏರಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳಲು ಹಿತವಾದ ಈ ವಿನಾಯಿತಿಯ ಪರಿಣಾಮವೇನೆಂದರೆ, ಕಾಗದ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಪ್ರಕಾಶಕರು ಎಲ್ಲಿಯೂ ಹೊಂದಿಸಿಕೊಳ್ಳುವಂತಿಲ್ಲ, ಅದು ನೇರವಾಗಿ ಪುಸ್ತಕದ ವೆಚ್ಚಕ್ಕೆ ಸೇರುತ್ತದೆ. ಶಾಲೆಯ ನೋಟ್‌ಬುಕ್ಕಿಗೂ ಅದಕ್ಕೆ ಬಳಸುವ ಕಾಗದಕ್ಕೂ ಅದೇ ದಿನದಿಂದ ತೆರಿಗೆ ಶೂನ್ಯವಾಗಿದೆ. ಬರೆಯುವ ಹಾಳೆಗೆ ಸಿಕ್ಕ ಈ ರಿಯಾಯಿತಿ ಓದುವ ಹಾಳೆಗೆ ಸಿಗದಿರುವುದು ಅನ್ಯಾಯವೆಂದೇ ನನ್ನ ಭಾವನೆ. ಸಾವಿರ ಪ್ರತಿ ಮಾರಲು ವರ್ಷಗಳೇ ಹಿಡಿಯುವ ನಮ್ಮ ಭಾಷೆಯಲ್ಲಿ ಕಾಗದಕ್ಕೆ ಹಾಕಿದ ಹಣ ಅಷ್ಟೂ ಕಾಲ ಗೋದಾಮಿನಲ್ಲಿ ಕೂರುತ್ತದೆ, ತೆರಿಗೆಯೂ ಅದರ ಜೊತೆಗೇ ಕೂರುತ್ತದೆ.

ಮಂಗಳವಾರ, ಭಿವಂಡಿ

ನಮ್ಮ ದೇಶದಲ್ಲಿ ತಯಾರಾಗುವ ಕಾಗದದ ಸುಮಾರು 70% ಪಾಲು ಹಳೆಯ ಕಾಗದದಿಂದಲೇ ಬರುತ್ತದೆ. ಮರ ಮತ್ತು ಬಿದಿರಿನ ಪಾಲು ಐದರಲ್ಲೊಂದರ ಆಸುಪಾಸು, ಉಳಿದದ್ದು ಕಬ್ಬಿನ ಸಿಪ್ಪೆ, ಗೋಧಿ ಹುಲ್ಲಿನಂಥ ಕೃಷಿ ಶೇಷ. ಕಾಗದವೆಂದರೆ ಕಾಡು ಎಂದು ತಿಳಿದು ಬೆಳೆದ ನಮ್ಮ ಕಡೆಯವರಿಗೆ ಈ ಅಂಕಿಗಳು ಅಚ್ಚರಿ ತರುತ್ತವೆ. ಹಳೆಯ ನಾರು ಹೊಸ ರೂಪ ತಾಳುವುದನ್ನು ನೋಡಬೇಕೆಂದು ಭಿವಂಡಿಯ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಹೋದೆ. ನಡೆಸುವವರು ಕಾರ್ಕಳ ಮೂಲದ ಅಣ್ಣ–ತಮ್ಮ.

ಅಣ್ಣನವರು ಮಾತಿಗಿಂತ ಮೊದಲು ಎರಡು ಹಳೆಯ ಪೆಟ್ಟಿಗೆಗಳನ್ನು ತರಿಸಿದರು. ಒಂದು ಅಮೆರಿಕದಿಂದ ಯಂತ್ರಭಾಗಗಳನ್ನು ಹೊತ್ತು ಬಂದದ್ದು, ಇನ್ನೊಂದು ಇಲ್ಲಿಯದೇ. ಎರಡರಿಂದಲೂ ಅಂಗೈಯಗಲದ ತುಂಡು ಹರಿದು ಕಿಟಕಿಯ ಬೆಳಕಿಗೆ ಹಿಡಿದರು. ಅಮೆರಿಕದ ತುಂಡು ಸುಲಭಕ್ಕೆ ಹರಿಯಲಿಲ್ಲ. ಹರಿದ ಅಂಚಿನಲ್ಲಿ ಎಳೆ ಎಳೆಯಾಗಿ ಕಂದು ರೋಮಗಳು ಚಾಚಿಕೊಂಡಿದ್ದವು. ಇಲ್ಲಿಯ ತುಂಡು ಬಿಸ್ಕತ್ತಿನಂತೆ ಮುರಿಯಿತು, ಅಂಚಿನಿಂದ ಬೂದು ಬಣ್ಣದ ಹುಡಿ ಉದುರಿತು. “ಇದೇ ನೋಡಿ ಸರ್ ನಮ್ಮ ಧಂದೆಯ ಗುಟ್ಟು. ಅದರಲ್ಲಿ ಪೈನ್ ಮರದ ಉದ್ದ ನಾರಿದೆ. ನಮ್ಮದರಲ್ಲಿರುವುದು ಎಷ್ಟು ಸಲ ಮಿಲ್ಲಿಗೆ ಹೋಗಿ ಬಂದಿದೆಯೋ ದೇವರೇ ಬಲ್ಲ,” ಎಂದರು.

ಅವರು ಹೇಳಿದ್ದರ ಹಿಂದಿರುವ ವಿಜ್ಞಾನ ಹೀಗಿದೆ. ಪೈನ್, ಸ್ಪ್ರೂಸ್‌ನಂಥ ಮರಗಳ ನಾರು ಸುಮಾರು 3 ಮಿಲಿಮೀಟರ್ ಉದ್ದವಿರುತ್ತದೆ. ನೀಲಗಿರಿಯದು 1 ಮಿಲಿಮೀಟರಿಗೂ ಕಡಿಮೆ. ಬಿದಿರು ಇವೆರಡರ ನಡುವೆ ನಿಂತರೂ ಉದ್ದ ನಾರಿನ ಕಡೆಗೇ ವಾಲುತ್ತದೆ. ಹಳೆಯ ಕಾಗದವನ್ನು ನೀರಿನಲ್ಲಿ ಕಲಸಿ, ಸೋಸಿ, ಮತ್ತೆ ಹಾಳೆ ಮಾಡಿ ಒಣಗಿಸಿದಷ್ಟು ಸಲವೂ ನಾರು ತುಂಡಾಗುತ್ತದೆ, ಜೊತೆಗೆ ನೀರು ಹೀರಿ ಉಬ್ಬುವ ಗುಣವನ್ನು ಕಳೆದುಕೊಂಡು ಬಿರುಸಾಗುತ್ತದೆ. ಉಬ್ಬದ ನಾರು ಪಕ್ಕದ ನಾರನ್ನು ಬಿಗಿಯಾಗಿ ಹಿಡಿಯಲಾರದು. ಐದಾರು ಸುತ್ತು ಕಳೆಯುವಷ್ಟರಲ್ಲಿ ಅದು ಸೋಸುವಾಗಲೇ ನೀರಿನೊಂದಿಗೆ ಹೊರಟುಹೋಗುತ್ತದೆ. ಆದುದರಿಂದ ಮರುಬಳಕೆಯ ಮಿಲ್ಲುಗಳಿಗೆ ಎಲ್ಲಿಂದಲಾದರೂ ಹೊಸ ಉದ್ದ ನಾರು ಬಂದು ಸೇರುತ್ತಲೇ ಇರಬೇಕು. ನಮ್ಮ ಮಿಲ್ಲುಗಳಿಗೆ ಅದು ಬರುವುದು ಹೊರದೇಶಗಳ ಹಳೆಯ ಪೆಟ್ಟಿಗೆಗಳ ರೂಪದಲ್ಲಿ.

ಪೆಟ್ಟಿಗೆಗೆ ಬಳಸುವ ಕಂದು ಬಣ್ಣದ ಗಟ್ಟಿ ಕಾಗದಕ್ಕೆ ಕ್ರಾಫ್ಟ್ ಎನ್ನುತ್ತಾರೆ. ಅದರ ವ್ಯಾಪಾರದಲ್ಲಿ ಎರಡು ಅಳತೆಗಳು ಎಲ್ಲರ ನಾಲಗೆಯ ಮೇಲಿವೆ: ಜಿಎಸ್‌ಎಂ ಮತ್ತು ಬಿಎಫ್. ಬಿಎಫ್ ಎಂದರೆ ಬರ್ಸ್ಟ್ ಫ್ಯಾಕ್ಟರ್, ಕಾಗದ ಒತ್ತಡಕ್ಕೆ ಒಡೆಯದೆ ತಾಳಿಕೊಳ್ಳುವ ಶಕ್ತಿಯನ್ನು ಅದರ ತೂಕಕ್ಕೆ ಹೋಲಿಸಿ ಹೇಳುವ ಸಂಖ್ಯೆ. 16 ಬಿಎಫ್‌ಗೆ ಒಂದು ದರ, 18ಕ್ಕೆ ಒಂದು, 22ಕ್ಕೆ ಇನ್ನೊಂದು. ನಾರು ಉದ್ದವಿದ್ದಷ್ಟೂ ಈ ಸಂಖ್ಯೆ ಏರುವುದರಿಂದ, ಪೆಟ್ಟಿಗೆಯವರು ಕಾಗದಕ್ಕೆ ಕೊಡುವ ಬೆಲೆ ವಾಸ್ತವದಲ್ಲಿ ನಾರಿನ ಉದ್ದಕ್ಕೆ ಕೊಡುವ ಬೆಲೆಯೇ ಆಗಿರುತ್ತದೆ. ಬಲ ಸಾಲದಿದ್ದರೆ ಮೂರು ಪದರದ ಕಡೆ ಐದು ಪದರ ಹಾಕಬೇಕು. ಆಗ ತೂಕ ಹೆಚ್ಚುತ್ತದೆ, ಸಾಗಣೆಯ ಖರ್ಚೂ ಹೆಚ್ಚುತ್ತದೆ.

ತಮ್ಮನವರು ಲೆಕ್ಕದ ಪುಸ್ತಕ ತೆಗೆದು ತೆರಿಗೆಯ ತೊಡಕನ್ನು ತೋರಿಸಿದರು. ಕ್ರಾಫ್ಟ್ ಕಾಗದಕ್ಕೆ 18% ಜಿಎಸ್‌ಟಿ, ಅದರಿಂದ ಮಾಡಿದ ಪೆಟ್ಟಿಗೆಗೆ ಈಚೆಗೆ ಇಳಿಸಿದ 5%. 100 ರೂಪಾಯಿಯ ಕಾಗದಕ್ಕೆ 18 ರೂಪಾಯಿ ತೆರಿಗೆ ಕಟ್ಟಿ, ಅದರಿಂದಾದ ಪೆಟ್ಟಿಗೆಯನ್ನು 130 ರೂಪಾಯಿಗೆ ಮಾರಿದರೆ ಗಿರಾಕಿಯಿಂದ ಬರುವ ತೆರಿಗೆ ಆರೂವರೆ ರೂಪಾಯಿ. ಉಳಿದ ಹನ್ನೊಂದೂವರೆ ರೂಪಾಯಿಯನ್ನು ಸರ್ಕಾರದಿಂದ ಮರಳಿ ಪಡೆಯಬೇಕು. ಮರಳಿ ಪಡೆಯುವ ಹಕ್ಕು ಕಾನೂನಿನಲ್ಲಿದೆ. ಆದರೆ ಅರ್ಜಿ ಹಾಕಿ ಹಣ ಕೈಸೇರುವವರೆಗೆ ಅದು ದುಡಿಯುವ ಬಂಡವಾಳದಿಂದ ಹೊರಗಿರುತ್ತದೆ, ಅಷ್ಟು ದಿನದ ಬಡ್ಡಿಯನ್ನು ಸಣ್ಣ ಕಾರ್ಖಾನೆಯೇ ಹೊರಬೇಕು. ದೊಡ್ಡ ಗಿರಾಕಿಗಳು ಪೆಟ್ಟಿಗೆಯ ದರ ಇಳಿಸಿ ಎಂದು ಒತ್ತಾಯಿಸುವುದು ಮಾತ್ರ ತೆರಿಗೆ ಇಳಿದ ವಾರದಿಂದಲೇ ಶುರುವಾಯಿತಂತೆ.

ಬುಧವಾರ, ಉರಣದ ದಾರಿ

ಅಂಕೋಲೆಯ ಕಡೆಯ ಕ್ಲಿಯರಿಂಗ್ ಏಜೆಂಟರೊಬ್ಬರ ಜೊತೆ ನ್ಹಾವಾ ಶೇವಾ ಬಂದರಿನ ಹೊರವಲಯದ ಕಂಟೇನರ್ ಅಂಗಳಕ್ಕೆ ಹೋಗಿ ಬಂದೆ. ಹಳೆಯ ಪೆಟ್ಟಿಗೆಗಳನ್ನು ಒತ್ತಿ ತಂತಿ ಬಿಗಿದ ಬೇಲುಗಳು ಇಲ್ಲಿಂದ ಗುಜರಾತಿನ ವಾಪಿಯ ಮಿಲ್ಲುಗಳಿಗೆ ಹೋಗುತ್ತವೆ. ಚೀನಾ 2018ರಲ್ಲಿ ಮಿಶ್ರ ರದ್ದಿ ಕಾಗದದ ಆಮದನ್ನು ತಡೆದು, 2021ರ ಜನವರಿ 1ರಿಂದ ಎಲ್ಲ ಬಗೆಯ ಘನತ್ಯಾಜ್ಯಕ್ಕೂ ಬಾಗಿಲು ಹಾಕಿದ ಮೇಲೆ ಜಗತ್ತಿನ ರದ್ದಿ ಹೊಸ ದಾರಿ ಹುಡುಕಿತು. ಆ ದಾರಿಗಳಲ್ಲಿ ಭಾರತವೂ ಒಂದು. ಕೊರೋನಾ ಕಾಲದಲ್ಲಿ ಕಂಟೇನರ್ ಬಾಡಿಗೆ ಗಗನಕ್ಕೇರಿದಾಗ ಇಲ್ಲಿಯ ರದ್ದಿಯ ದರವೂ ಏರಿತೆಂದು ಅವರು ನೆನಪಿಸಿಕೊಂಡರು. ಸಂಜೆಯ ಡೆಕ್ಕನ್ ಕ್ವೀನ್ ಹಿಡಿದು ಪುಣೆ ಸೇರಿದೆ.

ಗುರುವಾರ, ಪುಣೆಯ ಶಿವಾಜಿನಗರ

ಕಾಗದದ ವಿಷಯದಲ್ಲಿ ಪುಣೆಯ ಇತಿಹಾಸ ಮುಂಬಯಿಗಿಂತ ಆಳವಾದದ್ದು. ಜಿಲ್ಲೆಯ ಜುನ್ನರ್ ಪಟ್ಟಣದ ಕೈಕಾಗದ ಒಂದು ಕಾಲಕ್ಕೆ ದಖ್ಖನಿನಾದ್ಯಂತ ಹೆಸರುವಾಸಿಯಾಗಿತ್ತು. ನಗರದ ಕಸಬಾ ಪೇಠೆಯಲ್ಲಿ ಕಾಗದಿಪುರ ಎಂಬ ಮೊಹಲ್ಲ ಇಂದಿಗೂ ಆ ಹೆಸರನ್ನು ಹೊತ್ತಿದೆ. ಮುಂಢವಾದಲ್ಲಿ ಡೆಕ್ಕನ್ ಪೇಪರ್ ಮಿಲ್ಸ್ 1885ರಲ್ಲಿ ಶುರುವಾದಾಗ ಯಂತ್ರದ ಕಾಗದ ಈ ಊರಿಗೆ ಬಂತು, ಕಾಗದಿಪುರದ ಕೆಲಸ ಸೊರಗಿತು. ಮತ್ತೆ 1940ರಲ್ಲಿ, ಗಾಂಧೀಜಿಯವರ ಗ್ರಾಮೋದ್ಯೋಗದ ಪ್ರೇರಣೆಯಿಂದ ಕೆ. ಬಿ. ಜೋಶಿಯವರು ಶಿವಾಜಿನಗರದಲ್ಲಿ ಕೈಕಾಗದ ಸಂಸ್ಥೆಯನ್ನು ಕಟ್ಟಿದರು. ಅದೇ ಆವರಣದಲ್ಲಿ ನಾನು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತಿದ್ದೆ.

ಇಲ್ಲಿಯ ಕಚ್ಚಾವಸ್ತು ಮರವಲ್ಲ, ಬನಿಯನ್ ಮತ್ತು ಅಂಗಿ ಹೊಲಿಯುವ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಹತ್ತಿ ಬಟ್ಟೆಯ ಚಿಂದಿ. ಚಿಂದಿಯನ್ನು ಆರಿಸಿ, ಚೂರು ಮಾಡಿ, ಬೀಟರ್ ಎಂಬ ಉದ್ದನೆಯ ತೊಟ್ಟಿಯಲ್ಲಿ ನೀರಿನ ಜೊತೆ ಗಂಟೆಗಟ್ಟಲೆ ಅರೆಯುತ್ತಾರೆ. ತೊಟ್ಟಿಯ ಸುತ್ತ ತಿರುಗಿ ತಿರುಗಿ ಬರುವ ಆ ಬಿಳಿಯ ರಾಡಿಯನ್ನು ಹಿರಿಯ ಕೆಲಸಗಾರರೊಬ್ಬರು ಗಾಜಿನ ಲೋಟದಲ್ಲಿ ಎತ್ತಿ, ನೀರು ಬೆರೆಸಿ, ಬೆಳಕಿಗೆ ಹಿಡಿದು ನೋಡಿದರು: ಒಂದು ಗಂಟೂ ಇಲ್ಲದೆ ಎಳೆಗಳು ಒಂದೇ ಸಮನೆ ತೇಲಿದರೆ ಹದ ಬಂತೆಂದು ಲೆಕ್ಕ. ಮುಂದಿನ ತೊಟ್ಟಿಯ ಬಳಿ ಜಾಲರಿಯ ಚೌಕಟ್ಟನ್ನು ತೆಳು ರಾಡಿಯಲ್ಲಿ ಅದ್ದಿ ಎತ್ತುವ ಕ್ಷಣದಲ್ಲೇ ಎಡಬಲಕ್ಕೂ ಹಿಂದುಮುಂದಕ್ಕೂ ಒಂದೊಂದು ಸಲ ಅಲುಗಿಸುತ್ತಾರೆ. ಆ ಅಲುಗಾಟದಿಂದ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಳ್ಳುತ್ತವೆ. ಯಂತ್ರದಲ್ಲಿ ಜಾಲರಿ ಒಂದೇ ದಿಕ್ಕಿಗೆ ವೇಗವಾಗಿ ಓಡುವುದರಿಂದ ನಾರುಗಳು ಹೆಚ್ಚಾಗಿ ಅದೇ ದಿಕ್ಕಿಗೆ ಮಲಗುತ್ತವೆ. ಮಿಲ್ಲಿನ ಕಾಗದ ಒಂದು ಕಡೆಗೆ ನೇರವಾಗಿ, ಇನ್ನೊಂದು ಕಡೆಗೆ ವಕ್ರವಾಗಿ ಹರಿಯುವುದಕ್ಕೆ ಕಾರಣ ಇದು.

ಕೈಕಾಗದದ ಬೆಲೆಯ ಬಹುಪಾಲು ಕೂಲಿ. ಮಿಲ್ಲಿನ ಕಾಗದದ ಬೆಲೆಯ ಬಹುಪಾಲು ನಾರು, ಇಂಧನ, ರಾಸಾಯನಿಕ ಮತ್ತು ಯಂತ್ರದ ಮೇಲಿನ ಬಡ್ಡಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಕೈಕಾಗದ ದುಬಾರಿಯೆಂದು ತಳ್ಳಿಹಾಕುವುದು ಅರ್ಥಶಾಸ್ತ್ರದ ಅವಸರದ ತೀರ್ಪು ಎಂದು ನನಗೆ ಅನ್ನಿಸಿತು. 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕಾರ್ಯದರ್ಶಿಯಾಗಿ ಕೆಲಸ ಶುರುಮಾಡಿದ ಜೆ. ಸಿ. ಕುಮಾರಪ್ಪನವರು ಇದನ್ನೇ ವಾದಿಸುತ್ತಿದ್ದರು: ಸರಕಿನ ಬೆಲೆಯಲ್ಲಿ ಎಷ್ಟು ಪಾಲು ದುಡಿದವರ ಮನೆಗೆ ಹೋಗುತ್ತದೆ ಎಂಬುದೂ ಲೆಕ್ಕಕ್ಕೆ ಸೇರಬೇಕು. ಜಯಪುರದ ಬಳಿಯ ಸಾಂಗಾನೇರಿನಲ್ಲಿರುವ ರಾಷ್ಟ್ರೀಯ ಕೈಕಾಗದ ಸಂಸ್ಥೆಗೆ ಅವರ ಹೆಸರಿದೆ.

ಬಾಳಿಕೆಯ ಲೆಕ್ಕ ಇನ್ನೊಂದು. ಪುಣೆಯ ಪುರಾಲೇಖಾಗಾರದಲ್ಲಿ ಪೇಶವೆಯರ ಕಾಲದ ರುಮಾಲುಗಳು, ಅಂದರೆ ಮರಾಠಿಯ ಹಳೆಯ ಮೋಡಿ ಲಿಪಿಯ ಪತ್ರಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟ ಗಂಟುಗಳು, ರಾಶಿ ರಾಶಿಯಾಗಿವೆ. ಇನ್ನೂರೈವತ್ತು ವರ್ಷ ಕಳೆದರೂ ಅವುಗಳ ಕಾಗದ ಬಾಗುತ್ತದೆ, ಮುರಿಯುವುದಿಲ್ಲ. ನನ್ನ ಬಳಿಯಿರುವ 1950ರ ದಶಕದ ಕನ್ನಡ ಪುಸ್ತಕಗಳು ಮಗುಚಿದರೆ ಹುಡಿಯಾಗುತ್ತವೆ. ಹತ್ತೊಂಬತ್ತನೆಯ ಶತಮಾನದಿಂದ ಮಿಲ್ಲುಗಳು ಶಾಯಿ ಹರಡದಂತೆ ಕಾಗದಕ್ಕೆ ರಾಳ ಮತ್ತು ಪಟಿಕ ಬೆರೆಸತೊಡಗಿದವು. ಪಟಿಕ ಕಾಗದದಲ್ಲಿ ಆಮ್ಲವನ್ನುಳಿಸುತ್ತದೆ, ಆಮ್ಲ ಸೆಲ್ಯುಲೋಸಿನ ಸರಪಳಿಯನ್ನು ನಿಧಾನವಾಗಿ ಕತ್ತರಿಸುತ್ತದೆ. ಈಚಿನ ದಶಕಗಳಲ್ಲಿ ಆಮ್ಲವಿಲ್ಲದ ಕ್ಷಾರೀಯ ವಿಧಾನ ಹರಡಿದೆ, ಅದು ಹರಡಿದ್ದಕ್ಕೆ ಬಾಳಿಕೆಯ ಕಾಳಜಿಗಿಂತ ದೊಡ್ಡ ಕಾರಣ ಹಣದ್ದು: ಆಮ್ಲವಿಲ್ಲದ ಕಾಗದಕ್ಕೆ ಅಗ್ಗದ ಸುಣ್ಣಕಲ್ಲಿನ ಪುಡಿಯನ್ನು ಧಾರಾಳವಾಗಿ ತುಂಬಬಹುದು, ಅಷ್ಟರ ಮಟ್ಟಿಗೆ ದುಬಾರಿ ನಾರು ಉಳಿಯುತ್ತದೆ. ಲಾಭ ಮತ್ತು ಲೋಕಹಿತ ಒಂದೇ ದಿಕ್ಕಿಗೆ ಸರಿದ ಇಂಥ ಉದಾಹರಣೆಗಳನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು.

ಶುಕ್ರವಾರ, ಪಾಷಾಣ ರಸ್ತೆ

1950ರ ಜನವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ಪುಣೆಯವರು ಎನ್‌ಸಿಎಲ್ ಎಂದೇ ಕರೆಯುತ್ತಾರೆ. ಅಲ್ಲಿಂದ ನಿವೃತ್ತರಾದ ಧಾರವಾಡ ಮೂಲದ ವಿಜ್ಞಾನಿಯೊಬ್ಬರು ನನಗಾಗಿ ಅರ್ಧ ದಿನ ಮೀಸಲಿಟ್ಟಿದ್ದರು.

ಕಾಗದದ ರಸಾಯನಶಾಸ್ತ್ರವೆಲ್ಲ ಲಿಗ್ನಿನ್ ಎಂಬ ಒಂದು ವಸ್ತುವಿನ ಮೇಲಿನ ಹೋರಾಟ ಎಂದು ಅವರು ಮಾತು ತೆಗೆದರು. ಮರದಲ್ಲಿ ಸೆಲ್ಯುಲೋಸ್ ನಾರುಗಳನ್ನು ಬೆಸೆದಿರುವ ಅಂಟು ಅದು. 1879ರಲ್ಲಿ ಕಾರ್ಲ್ ಡಾಲ್ ರೂಪಿಸಿದ ಕ್ರಾಫ್ಟ್ ವಿಧಾನದಲ್ಲಿ ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಒತ್ತಡ ಹಾಕಿ ಬೇಯಿಸುತ್ತಾರೆ. ಮರದ ತೂಕದ ಅರ್ಧಕ್ಕಿಂತ ಹೆಚ್ಚು ಕರಗಿ ಕಪ್ಪು ದ್ರವವಾಗುತ್ತದೆ, ಉಳಿದದ್ದು ಪಲ್ಪ್, ಅಂದರೆ ಕಾಗದವಾಗುವ ನಾರಿನ ಮುದ್ದೆ. ಆ ಕಪ್ಪು ದ್ರವವನ್ನು ಕುದಿಸಿ ಗಟ್ಟಿ ಮಾಡಿ ಬಾಯ್ಲರಿನಲ್ಲಿ ಉರಿಸಿ, ಮಿಲ್ಲಿಗೆ ಬೇಕಾದ ಹಬೆಯನ್ನೂ ವಿದ್ಯುತ್ತನ್ನೂ ಪಡೆದು, ಬೂದಿಯಿಂದ ರಾಸಾಯನಿಕವನ್ನು ಮರಳಿ ಗಳಿಸುವ ವ್ಯವಸ್ಥೆ 1930ರ ದಶಕದಲ್ಲಿ ಬಂದ ಮೇಲೆಯೇ ಕ್ರಾಫ್ಟ್ ಜಗತ್ತನ್ನು ಗೆದ್ದದ್ದು. ಈ ಬಾಯ್ಲರಿಗೆ ಬಂಡವಾಳ ದಂಡಿಯಾಗಿ ಬೇಕು. ಸಣ್ಣ ಮಿಲ್ಲಿಗೆ ಅದು ಎಟುಕುವುದಿಲ್ಲ. ಹುಲ್ಲು ಬಳಸುವ ಮಿಲ್ಲಿಗಂತೂ ಹುಲ್ಲಿನಲ್ಲಿರುವ ಸಿಲಿಕಾ ಕೊಳವೆಗಳಲ್ಲಿ ಕಟ್ಟಿಕೊಂಡು ಇನ್ನಷ್ಟು ತೊಂದರೆ ಕೊಡುತ್ತದೆ. ಸಣ್ಣ ಮಿಲ್ಲುಗಳ ಕಪ್ಪು ನೀರು ನಮ್ಮ ಹೊಳೆಗಳಿಗೆ ಹರಿದುಬಂದದ್ದಕ್ಕೆ ದುರಾಸೆಯಷ್ಟೇ ಈ ಬಂಡವಾಳದ ಲೆಕ್ಕವೂ ಕಾರಣ.

ಬೇಯಿಸಿದ ಮೇಲೂ ಉಳಿಯುವ ಲಿಗ್ನಿನ್ನನ್ನು ಬಿಳುಪಾಗಿಸಲು ಹಿಂದೆ ಕ್ಲೋರಿನ್ ಅನಿಲ ಬಳಸುತ್ತಿದ್ದರು, ಅದರಿಂದ ಡಯಾಕ್ಸಿನ್ ಸೇರಿದಂತೆ ವಿಷವಸ್ತುಗಳು ಹುಟ್ಟುತ್ತಿದ್ದವು. 1986ರಲ್ಲಿ ಫಿನ್ಲೆಂಡಿನ ಸಂಶೋಧಕರು ಕ್ಸೈಲನೇಸ್ ಎಂಬ ಕಿಣ್ವವನ್ನು ಮೊದಲೇ ಹಾಕಿದರೆ ಕ್ಲೋರಿನ್ ಕಡಿಮೆ ಸಾಕಾಗುತ್ತದೆಂದು ತೋರಿಸಿದರು. ಎನ್‌ಸಿಎಲ್‌ನ ಜೀವರಸಾಯನಜ್ಞರೂ ಆ ಕಾಲದಿಂದಲೇ ಕ್ಷಾರದಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ಸೆಲ್ಯುಲೇಸ್ ಬೆರಕೆಯಿಲ್ಲದ ಕ್ಸೈಲನೇಸ್ ಪಡೆಯಲು ದುಡಿದರು. ಬೆರಕೆಯಿರಬಾರದೆಂಬ ಈ ಷರತ್ತೇ ಸಂಶೋಧನೆಯ ತಿರುಳು, ಏಕೆಂದರೆ ಸೆಲ್ಯುಲೇಸ್ ಸೇರಿಕೊಂಡರೆ ಅದು ಮಿಲ್ಲು ಮಾರಬೇಕಾದ ನಾರನ್ನೇ ತಿಂದುಹಾಕುತ್ತದೆ. “ಪ್ರಯೋಗಾಲಯದಾಗ ಕೆಲಸ ಮಾಡಿದ್ದು ಮಿಲ್‌ನ್ಯಾಗ ಮಾಡಬೇಕಂದ್ರ ಎರಡು ಬೇಕ್ರಿ,” ಎಂದು ಹಿರಿಯರು ಬೆರಳೆಣಿಸಿದರು. “ಕಿಣ್ವದ ಖರ್ಚು, ಅದರಿಂದ ಉಳಿತಾಯ ಆಗೋ ಕೆಮಿಕಲ್ ಖರ್ಚಿಗಿಂತ ಕಡಿಮಿ ಇರಬೇಕು. ಇಲ್ಲಾ, ಕ್ಲೋರಿನ್ ಹಾಕಬ್ಯಾಡ್ರಿ ಅಂತ ಕಾಯ್ದೆ ಗಟ್ಟಿ ಹೇಳಬೇಕು. ಎರಡೂ ಇಲ್ಲಂದ್ರ ಪೇಪರ್ ಮ್ಯಾಲಿನ ಸಂಶೋಧನಾ ಪೇಪರ್‌ನ್ಯಾಗ ಉಳಿತದ.”

ಬಿದಿರಿನ ಮಾತು ಬಂದಾಗ ಅವರ ಮುಖ ಅರಳಿತು. ಬಿದಿರು ಹಲವು ದಶಕಗಳಿಗೊಮ್ಮೆ ಹೂಬಿಟ್ಟು ಸಾಯುವ ಸಸ್ಯ. ಅದರ ಬೀಜಕ್ಕಾಗಿ ಕಾಯುವುದೆಂದರೆ ಒಂದು ಜೀವಮಾನ. ಎನ್‌ಸಿಎಲ್‌ನ ನಾಡಗೌಡ, ಪರಾಶರಾಮಿ ಮತ್ತು ಮಸ್ಕರೇನ್ಹಸ್ ಅವರು ಅಂಗಾಂಶ ಕೃಷಿಯ ಸೀಸೆಯೊಳಗೆ ಎಳೆಯ ಬಿದಿರು ಹೂಬಿಟ್ಟು ಬೀಜ ಕಟ್ಟಿದ್ದನ್ನು 1990ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದಾಗ ಲೋಕದ ಸಸ್ಯವಿಜ್ಞಾನಿಗಳು ಬೆರಗಾದರು. ಬಿದಿರಿನ ತಳಿ ಸುಧಾರಣೆಗೆ ಮೊದಲ ಬಾರಿಗೆ ದಾರಿ ಕಂಡಿತ್ತು.

ನಮ್ಮ ಕಾಡಿನ ಬಿದಿರಿಗೆ ಅದು ತಡವಾಗಿ ಬಂದ ಸುದ್ದಿ. ದಾಂಡೇಲಿಯ ಮಿಲ್ಲು ಶುರುವಾದಾಗ ಸರ್ಕಾರ ಅದಕ್ಕೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲು ಒಪ್ಪಿತ್ತು. ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ತೆರುತ್ತಿದ್ದ ಬೆಲೆಗೆ ಹೋಲಿಸಿದರೆ ಅದು ಬೆಲೆಯೇ ಅಲ್ಲ. 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಏಕೆ ಕ್ಷೀಣಿಸುತ್ತಿದೆ ಎಂದು ಅಧ್ಯಯನ ಮಾಡಿದವರು ಪುಣೆಯವರೇ ಆದ ಮಾಧವ ಗಾಡ್ಗೀಳರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಇಳುವರಿ ಹೆಚ್ಚುತ್ತದೆಂಬ ನಂಬಿಕೆಯಿಂದ ಅದನ್ನು ತೆಗೆಸಲಾಗುತ್ತಿತ್ತು. ಆ ಮುಳ್ಳೇ ಕಳಲೆಗೆ ಕಾವಲಾಗಿತ್ತೆಂದು, ಅದು ಹೋದ ಮೇಲೆ ದನ, ಮುಳ್ಳುಹಂದಿ, ಮುಸಿಯಗಳು ಹೊಸ ಮೊಳಕೆಯನ್ನೆಲ್ಲ ತಿಂದವೆಂದು ಅವರು ಕಾಡಿನಲ್ಲಿ ಅಲೆದು ಕಂಡುಕೊಂಡರು. ನಮ್ಮೂರಿನ ಹಿರಿಯರು ಇದನ್ನು ಮೊದಲೇ ಹೇಳುತ್ತಿದ್ದರು. ನಾರಿಗೆ ನಿಜವಾದ ಬೆಲೆ ತೆರಬೇಕಾಗಿದ್ದರೆ ಮಿಲ್ಲು ಆ ಮಾತನ್ನು ಕಿವಿಗೊಟ್ಟು ಕೇಳುತ್ತಿತ್ತು, ಕಳಲೆಯೊಂದೊಂದನ್ನೂ ಕಾಯಿಸುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಒಂದೂವರೆ ರೂಪಾಯಿಯ ವಸ್ತುವಿನ ಮೇಲೆ ಸಂಶೋಧನೆ ಮಾಡಿಸಲು ಯಾವ ಕಂಪನಿಗೂ ಕಾರಣವಿರುವುದಿಲ್ಲ.

ಶನಿವಾರ, ಸೋಲಾಪುರ ರಸ್ತೆ

ಪುಣೆಯಿಂದ ಸೋಲಾಪುರದ ಕಡೆಗೆ ಹೋಗುವ ಒಂದೇ ರಸ್ತೆಯ ಮೇಲೆ ಕಾಗದದ ಮೂರು ಬಗೆಯ ನಾರಿನ ಕಥೆಗಳು ಸಿಗುತ್ತವೆ. ಮೊದಲನೆಯದು ಮಾಂಜರಿಯಲ್ಲಿರುವ ವಸಂತದಾದಾ ಸಕ್ಕರೆ ಸಂಸ್ಥೆ. ಅರೆದ ಕಬ್ಬಿನ ತೂಕದ ಸುಮಾರು 30% ಭಾಗ, ಅರ್ಧದಷ್ಟು ತೇವವಿರುವ ಬಗಾಸ್ ಆಗಿ, ಅಂದರೆ ಸಿಪ್ಪೆಯಾಗಿ ಹೊರಬರುತ್ತದೆ. ಒಳಗಿನ ಬೆಂಡನ್ನು ಬೇರ್ಪಡಿಸಿದರೆ ಅದರಿಂದ ಒಳ್ಳೆಯ ಕಾಗದ ಮಾಡಬಹುದು. ಆದರೆ ಸಕ್ಕರೆ ಕಾರ್ಖಾನೆಗೆ ಅದೇ ಉರುವಲು. ತಮಿಳುನಾಡಿನಲ್ಲಿ 1979ರಲ್ಲಿ ಸ್ಥಾಪನೆಯಾದ ಟಿಎನ್‌ಪಿಎಲ್ ಎಂಬ ಕಾಗದದ ಕಂಪನಿ ಇದನ್ನು ಜಾಣತನದಿಂದ ಬಿಡಿಸಿತು: ಸಿಪ್ಪೆ ಕೊಡುವ ಸಕ್ಕರೆ ಕಾರ್ಖಾನೆಗಳಿಗೆ ಬದಲಿಗೆ ಇಂಧನ, ಹಬೆ ಒದಗಿಸಿತು. ಸಕ್ಕರೆ ಕಾರ್ಖಾನೆಗಳು ಸಿಪ್ಪೆಯಿಂದ ವಿದ್ಯುತ್ ಮಾಡಿ ಗ್ರಿಡ್ಡಿಗೆ ಮಾರತೊಡಗಿದ ಮೇಲೆ ಸಿಪ್ಪೆಯ ಬೆಲೆಯನ್ನು ವಿದ್ಯುತ್ತಿನ ದರ ನಿರ್ಧರಿಸುತ್ತಿದೆ, ಕಾಗದದ ಮಿಲ್ಲು ಆ ದರದೊಡನೆ ಸ್ಪರ್ಧಿಸಬೇಕಾಗಿದೆ. ಸಿಪ್ಪೆಯನ್ನ ನಂಬಿದ್ದ ನಮ್ಮ ಬೆಳಗೊಳದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಮುಚ್ಚಿಹೋದದ್ದು ನೆನಪಾಗಿ ಬೇಸರವಾಯಿತು.

ಮುಂದೆ ಉರುಳಿಕಾಂಚನ. 1946ರಲ್ಲಿ ಗಾಂಧೀಜಿ ಇಲ್ಲಿ ನಿಸರ್ಗೋಪಚಾರ ಆಶ್ರಮ ಸ್ಥಾಪಿಸಿ, ಮಣಿಭಾಯಿ ದೇಸಾಯಿಯವರಿಗೆ ಹೊಣೆ ವಹಿಸಿದರು. ದೇಸಾಯಿಯವರು 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ ಹವಾಯಿಯಿಂದ ಬಂದ ಸುಬಾಬುಲ್ ತಳಿಯನ್ನು ಮೇವಿಗಾಗಿ, ಸೌದೆಗಾಗಿ ರೈತರಲ್ಲಿ ಹರಡಿತು. ಇಂದು ಅದೇ ಸುಬಾಬುಲ್ ಆಂಧ್ರದ ಹೊಲಗಳಿಂದ ಪಲ್ಪ್ ಮಿಲ್ಲುಗಳಿಗೆ ಹೋಗುವ ಮುಖ್ಯ ಮರಗಳಲ್ಲೊಂದು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳು ಕಚ್ಚಾವಸ್ತುವನ್ನು ಕಾಡಿನಿಂದಲ್ಲ, ರೈತರಿಂದ ಪಡೆಯಬೇಕೆಂದು ಹೇಳಿದ ಮೇಲೆ ಈ ಬದಲಾವಣೆ ವೇಗ ಪಡೆಯಿತು. ಸುಬಾಬುಲ್ಲಿನಲ್ಲಿ ಲಿಗ್ನಿನ್ ಕಡಿಮೆ ಮಾಡುವ ಜೀನ್ ಸಂಶೋಧನೆ ಎನ್‌ಸಿಎಲ್‌ನಲ್ಲೇ ನಡೆದಿತ್ತೆಂಬುದು ನಿನ್ನೆಯ ಮಾತಿಗೆ ಕೊಂಡಿ ಹಾಕಿತು. ರೈತರು ಮರ ಕಡಿಯಲು ನಾಲ್ಕೈದು ವರ್ಷ ಕಾಯುತ್ತಾರೆ. ಕಡಿಯುವ ವರ್ಷ ಮಿಲ್ಲಿನ ದರ ಬಿದ್ದರೆ ಅವರಿಗೆ ಬೇರೆ ಗಿರಾಕಿಯಿಲ್ಲ. ನಮ್ಮ ಹಳಿಯಾಳದ ಭಾಗದಲ್ಲಿ ನೀಲಗಿರಿ ನೆಟ್ಟವರ ಗೋಳೂ ಇದೇ.

ಭಿಗವಣ ತಲುಪಿದಾಗ ಮಧ್ಯಾಹ್ನ. ಉಜನಿ ಹಿನ್ನೀರಿನ ರಾಜಹಂಸಗಳಿಗಾಗಿ ಜನ ಇಲ್ಲಿಗೆ ಬರುತ್ತಾರೆ. ನಾನು ಬಂದದ್ದು 1990ರ ದಶಕದಲ್ಲಿ ಇಂಡೋನೇಷ್ಯಾದ ಸಿನಾರ್ ಮಾಸ್ ಕಟ್ಟಿ, 2001ರಲ್ಲಿ ಬಲ್ಲಾರಪುರ ಇಂಡಸ್ಟ್ರೀಸ್ ಕೊಂಡ ನುಣುಪು ಕಾಗದದ ಮಿಲ್ಲನ್ನು ರಸ್ತೆಯಿಂದಲಾದರೂ ನೋಡಲು. ಸುತ್ತ ಕಾಡಿಲ್ಲ, ಬಿದಿರಿಲ್ಲ. ಪಲ್ಪ್ ಹೊರದೇಶದಿಂದ ಬರಬೇಕು. ಇಂಥ ಮಿಲ್ಲಿಗೆ ಡಾಲರಿನ ದರವೇ ಮಳೆ, ಬೆಳೆ ಎಲ್ಲ.

ಭಾನುವಾರ, ಪುಣೆಯ ಒಂದು ರದ್ದಿ ಅಂಗಡಿ

ಪುಣೆಯಲ್ಲಿ ಕಸ ಆರಿಸುವವರು 1993ರಲ್ಲಿ ಕಟ್ಟಿಕೊಂಡ ಸಂಘಟನೆಯ ಹೆಸರೇ ಕಾಗದದಿಂದ ಆರಂಭವಾಗುತ್ತದೆ: ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್. ಅವರದೇ ಸಹಕಾರ ಸಂಘ ‘ಸ್ವಚ್ಛ್’ ಇಂದು ನಗರದ ಮನೆ ಮನೆಯಿಂದ ಕಸ ಸಂಗ್ರಹಿಸುತ್ತದೆ. ಕಲಬುರ್ಗಿ ಕಡೆಯಿಂದ ಬಂದು ನೆಲೆಸಿದ ಒಬ್ಬ ಹಿರಿಯಕ್ಕ ಪುಠ್ಠಾ ಮಾರುವಾಗ ನಾನು ಜೊತೆಗಿದ್ದೆ. ಪುಠ್ಠಾ ಎಂದರೆ ರಟ್ಟು. ಬಿಳಿ ಕಾಗದ, ಪೇಪರ್ ರದ್ದಿ, ಪುಠ್ಠಾ, ಮಿಕ್ಸ್ ಎಂದು ಅವರು ನಾಲ್ಕು ಗಂಟು ಬೇರೆ ಬೇರೆ ಕಟ್ಟಿದ್ದರು.

“ಒಣಾ ಇದ್ರ ಒಂದು ರೇಟ್ರಿ ಅಣ್ಣಾ, ತೊಯ್ದಿದ್ರ ಅರ್ಧಾ ಕಟ್ ಮಾಡ್ತಾರ. ರಾತ್ರಿ ಇಬ್ಬನಿ ಬಿದ್ರೂ ಅರ್ಧಾ, ಮಳ್ಯಾಗ ನೆನದ್ರೂ ಅರ್ಧಾ,” ಎಂದರು. ಅಮೆರಿಕದ ಮಾಲು ಬಂದಾಗ ತಮ್ಮ ದರ ಏಕೆ ಬೀಳುತ್ತದೆಂದೂ ಕೇಳಿದರು. ಎರಡೂ ಬೇಲುಗಳು ಒಂದೇ ಮಿಲ್ಲಿನ ಗೇಟಿಗೆ ಹೋಗುತ್ತವೆ, ಅಮೆರಿಕದ ಮಾಲಿನಲ್ಲಿ ಉದ್ದ ನಾರಿದೆ, ಹಡಗಿನ ಬಾಡಿಗೆ ಇಳಿದರೆ ಮಿಲ್ಲಿನವರು ಅದನ್ನೇ ಹೆಚ್ಚು ಕೊಳ್ಳುತ್ತಾರೆ ಎಂದು ಭಿವಂಡಿಯಲ್ಲಿ ಕಂಡ ಹರಿದ ಅಂಚಿನ ವಿಷಯ ಹೇಳಿದೆ. ಅವರು ಕೂಡಲೇ ತಮ್ಮ ಗಂಟಿನಿಂದ ಒಂದು ಫ್ರಿಜ್ ಪೆಟ್ಟಿಗೆಯ ತುಂಡು ಹರಿದು ನೋಡಿ, “ಹಂಗಾದ್ರ ಇದಕ್ಕ ಹೆಚ್ಚಿಗಿ ಕೊಡಬೇಕಲ್ಲರಿ?” ಎಂದು ಅಂಗಡಿಯವನತ್ತ ತಿರುಗಿದರು.

ಅಂಗಡಿಯ ಮರಾಠಿ ಹುಡುಗನ ಎದುರಿಗೇ ಅಕ್ಕನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ತೇವದ ಲೆಕ್ಕ ಹಾಕಿದೆವು. ಒಣಗಿದ್ದೆಂದು ಒಪ್ಪುವ ರಟ್ಟಿನಲ್ಲೂ ಗಾಳಿಯ ತೇವ ಇದ್ದೇ ಇರುತ್ತದೆ. ಅದನ್ನು 10% ಎಂದಿಟ್ಟುಕೊಂಡರೆ 100 ಕಿಲೋದಲ್ಲಿ ನಾರು 90 ಕಿಲೋ. ಇಬ್ಬನಿಗೆ ನೆನೆದು ತೇವ 25% ಆದರೆ ನಾರು 75 ಕಿಲೋ. 90ಕ್ಕೆ 75 ಎಂದರೆ ಕಡಿತ ಆರನೆಯ ಒಂದು ಪಾಲು ಮಾತ್ರ. ಅರ್ಧ ದರ ನ್ಯಾಯವಾಗಬೇಕಾದರೆ ರಟ್ಟಿನ ತೂಕದ ಅರ್ಧಕ್ಕಿಂತ ಹೆಚ್ಚು ನೀರೇ ಇರಬೇಕು, ಅಂಥದ್ದನ್ನು ಹಿಂಡಿದರೆ ನೀರು ಸುರಿಯುತ್ತದೆ. ಒದ್ದೆ ಮಾಲು ಬೂಷ್ಟು ಹಿಡಿಯುತ್ತದೆ, ಬೇಲು ಕಟ್ಟುವ ಮೊದಲು ಹರವಿ ಒಣಗಿಸಬೇಕು, ಜಾಗ ಬೇಕು ಎಂದು ಹುಡುಗ ವಾದಿಸಿದ. ಅದೂ ನಿಜವೇ, ಆ ಖರ್ಚಿಗೆಂದು ಇನ್ನೊಂದು ಹತ್ತನೆಯ ಪಾಲು ಬಿಟ್ಟುಕೊಟ್ಟರೂ ಅರ್ಧಕ್ಕೆ ಬಹಳ ದೂರ ಉಳಿಯಿತು.

ಮಿಲ್ಲುಗಳ ಗೇಟಿನಲ್ಲಿ ತೇವ ಅಳೆಯುವ ಮುಳ್ಳಿನ ಯಂತ್ರವಿರುತ್ತದೆ, ಬೇಲಿಗೆ ಚುಚ್ಚಿದರೆ ಅಂಕಿ ತೋರಿಸುತ್ತದೆ. ಅದು ದುಬಾರಿಯ ವಸ್ತುವಲ್ಲ, ಕೈಯಲ್ಲಿ ಹಿಡಿಯುವಷ್ಟು ಸಣ್ಣದೂ ಸಿಗುತ್ತದೆ. ಅಂಥದೊಂದು ಈ ಅಂಗಡಿಯಲ್ಲಿದ್ದರೆ ಎಂದು ನಾನು ಹೇಳುತ್ತಿರುವಾಗಲೇ ಅಕ್ಕ ಹುಡುಗನಿಗೆ ಮರಾಠಿಯಲ್ಲಿ ಏನೋ ಖಡಾಖಂಡಿತವಾಗಿ ಹೇಳಿದರು. ಅವನು ತಕ್ಕಡಿಯ ಮೇಲಿದ್ದ ತೊಯ್ದ ಗಂಟನ್ನು ಬಿಚ್ಚಿ, ಕೈಯಿಂದ ಒತ್ತಿ ನೋಡಿ, ಅರ್ಧದ ಬದಲು ಕಾಲು ಪಾಲು ಮುರಿದುಕೊಂಡು ದುಡ್ಡೆಣಿಸಿದ. ಮುಂದಿನ ವಾರ ಸಂಘದ ಸಭೆಯಲ್ಲಿ ಈ ಲೆಕ್ಕವನ್ನೇ ಎತ್ತುತ್ತೇನೆಂದು ಅಕ್ಕ ಆ ಹಾಳೆಯನ್ನು ನೋಟ್‌ಬುಕ್ಕಿನಿಂದ ಹರಿಯಲು ಬಿಡಲಿಲ್ಲ. ನಾನು ನನಗಾಗಿ ಇನ್ನೊಂದು ಪ್ರತಿ ಬರೆದುಕೊಂಡೆ.